ಕತ್ತರಿ ತಾತ ಹುಡುಕಿದ ದಿನ

ಆಗಸ್ಟ್ ತಿಂಗಳ ಕೊನೆಯ ಮಂಗಳವಾರ ಬೆಳಿಗ್ಗೆ ಕ್ಲಾರೆನ್ಸ್ ಪ್ರೂಟ್ ಊಟದ ಕೋಣೆಯ ಬಾಗಿಲಲ್ಲಿ ನಿಂತು ಯಾರನ್ನೋ ಹುಡುಕುವಂತೆ ಒಳಗೆ ನೋಡಿದರು. ಅಷ್ಟಕ್ಕೇ ರೂಫಸ್ ಮೇಬ್ರಿ ನುಂಗುತ್ತಿದ್ದ ಮೊಟ್ಟೆ ಗಂಟಲಲ್ಲೇ ನಿಂತಿತು.

ಪ್ರೂಟ್ ಎಪ್ಪತ್ತರ ಸಾಧು ಮನುಷ್ಯ. ಇರುವೆ ಕಂಡರೂ ದಾಟಿಕೊಂಡು ಹೋಗುವವರು. ಆದರೆ ಅಮೆರಿಕನ್ ಫುಟ್‌ಬಾಲ್ ತಂಡದಿಂದ ಕೈಬಿಟ್ಟ ಆಟಗಾರರನ್ನು ಕರೆದೊಯ್ಯುವುದು ಅವರ ಕೆಲಸ. ಹೆಗಲ ಮೇಲೆ ಕೈಯಿಟ್ಟು, "ಕೋಚ್ ಕರೀತಿದ್ದಾರೆ ಮಗಾ, ಪುಸ್ತಕ ತಗೊಂಡು ಬಾ" ಎನ್ನುವರು. ಆಟದ ತಂತ್ರಗಳಿರುವ ಆ ದಪ್ಪ ಪುಸ್ತಕ ಹಿಂದಿರುಗಿಸಿದರೆ ಮುಗಿಯಿತು, ಗಂಟುಮೂಟೆ ಕಟ್ಟುವುದೇ. ಹುಡುಗರು ಅವರಿಗೆ ಕತ್ತರಿ ತಾತ ಎಂದು ಹೆಸರಿಟ್ಟಿದ್ದರು. ಅಂದು ಸಂಜೆ ನಾಲ್ಕರೊಳಗೆ ತಂಡದಲ್ಲಿ ಉಳಿಯುವ ಐವತ್ತಮೂರು ಹೆಸರುಗಳ ಪಟ್ಟಿ ಲೀಗಿನ ಕಚೇರಿ ಸೇರಬೇಕಿತ್ತು.

ರೂಫಸ್‌ಗೆ ಮೂವತ್ತೆರಡು. ಚೆಂಡು ಹಿಡಿದು ಓಡಿಬರುವ ಎದುರಾಳಿಯನ್ನು ಕೆಡವುವುದು ಅವನ ಕಸುಬು. ಒಂಬತ್ತು ವರ್ಷದಲ್ಲಿ ಇದು ಏಳನೆಯ ತಂಡ, ಏಳನೆಯ ಬಾಡಿಗೆ ಮನೆ. ಇಲ್ಲಿ ಓಹಾಯೋದಲ್ಲಿ ಹೆಂಡತಿ ವರ್ನಾ ಮೊದಲ ಬಾರಿಗೆ ಕಿಟಕಿಗಳಿಗೆ ಪರದೆ ಹೊಲಿದಿದ್ದಳು. "ಈ ಸಲ ಗೋಡೆಗೆ ಮೊಳೆ ಹೊಡೀಲಾ?" ಎಂದು ಆ ಬೆಳಿಗ್ಗೆ ಕೇಳಿದ್ದಳು. ಗೂಳಿಯಂಥ ಆಳುಗಳ ಮೇಲೆ ಹಿಂದುಮುಂದು ನೋಡದೆ ಬೀಳುವ ರೂಫಸ್ ಆ ಪ್ರಶ್ನೆಗೆ ಹೆದರಿ ಶೂ ಲೇಸ್ ಕಟ್ಟುತ್ತ ಕೂತುಬಿಟ್ಟಿದ್ದ.

"ತಲೆ ಬಗ್ಗಿಸೋ!" ಪಕ್ಕದಲ್ಲಿದ್ದ ಬೂನ್ ಹ್ಯಾಸ್ಕೆಟ್ ಪಿಸುಗುಟ್ಟಿದ. ಅವನೂ ಆಟಗಾರನೇ, ಬೀರುವಿನಂಥ ಮೈ. "ಎದುರಿಗೆ ಬಂದು ಹೇಳೋವರೆಗೂ ನಿನ್ನ ತೆಗೆಯೋ ಹಾಗಿಲ್ಲ. ನಾಲ್ಕು ಗಂಟೆ ತನಕ ಸಿಗಬೇಡ, ಅಷ್ಟೇ."

"ಹಾಗಂತ ರೂಲ್ ಇದೆಯಾ?"

"ನಮ್ಮಣ್ಣನ ತಂಡದಲ್ಲಿ ಒಬ್ಬ ಹೀಗೇ ಮೂರು ವರ್ಷ ಉಳ್ಕೊಂಡ ಕಣೋ!"

ಅಡುಗೆಯ ಒಡೆಸ್ಸಾ ಅಮ್ಮ ಏನೂ ಕೇಳದೆ ಹಿಂಬಾಗಿಲು ತೆರೆದರು. ಹೋಗುವಾಗ ಕರವಸ್ತ್ರದಲ್ಲಿ ಸುತ್ತಿದ ಎರಡು ಬನ್ನು ಕೈಗಿತ್ತು, "ಓಡ್ತಾ ಓಡ್ತಾ ತಿನ್ನಪ್ಪ" ಎಂದರು.

ರೂಫಸ್ ಕೊಳೆಬಟ್ಟೆಯ ತಳ್ಳುಗಾಡಿಯೊಳಗೆ ಹುದುಗಿ, ಮೇಲೆ ಎಂಬತ್ತು ಜನರ ಕಾಲುಚೀಲ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಬಟ್ಟೆ ಒಗೆಯುವ ಲಾನಿ ಬಂದು ಗಾಡಿ ತಳ್ಳಿ ನೋಡಿದ. ಅಲುಗಲಿಲ್ಲ.

"ಪ್ರೂಟ್ ಸರ್, ಒಂಚೂರು ಕೈ ಹಾಕ್ತೀರಾ?"

ಕತ್ತರಿ ತಾತ ತಾವೇ ಬಂದು ಮೊಣಕೈ ಕೊಟ್ಟು ತಳ್ಳಿದರು. "ಹುಡುಗರ ಬೆವರು ಇಷ್ಟು ಭಾರ ಅಂತ ಗೊತ್ತಿರಲಿಲ್ಲಪ್ಪ. ಅಂದಹಾಗೆ, ಮೇಬ್ರಿನ ಕಂಡ್ಯಾ?"

ಒಳಗೆ ರೂಫಸ್ ಕಾಲುಚೀಲಗಳ ನಡುವೆ ಇನ್ನಷ್ಟು ಮುದುಡಿಕೊಂಡ. ಹುಡುಕುತ್ತಿರುವುದು ತನ್ನನ್ನೇ!

ಮಧ್ಯಾಹ್ನದ ಹೊತ್ತಿಗೆ ಇಡೀ ತಂಡ ಅವನ ರಕ್ಷಣೆಗೆ ನಿಂತಿತ್ತು. ಒಬ್ಬ, ರೂಫಸ್ ಹಲ್ಲಿನ ಡಾಕ್ಟರ ಹತ್ತಿರ ಹೋದ ಎಂದ. ಇನ್ನೊಬ್ಬ, ಅವನ ಅಜ್ಜಿ ತೀರಿಕೊಂಡರು ಎಂದ.

"ಅಯ್ಯೋ ಪಾಪ!" ಪ್ರೂಟ್ ಮರುಗಿದರು. "ಅಜ್ಜಿ ಹೋದ ದಿನವೇ ಹಲ್ಲುನೋವೂ ಬರಬೇಕಾ?"

ಮೂರು ಗಂಟೆಗೆ ರೂಫಸ್ ಗಾಯಾಳುಗಳು ಕೂರುವ ಮಂಜುಗಡ್ಡೆಯ ತೊಟ್ಟಿಯಲ್ಲಿದ್ದ. ಬಾಗಿಲ ಸದ್ದಾಗಿದ್ದೇ ಮುಳುಗಿದ. ಪ್ರೂಟ್ ಉಸ್ಸೆಂದು ತೊಟ್ಟಿಯ ಅಂಚಿನ ಮೇಲೆ ಕೂತು ಕಾಲು ನೀವಿಕೊಂಡರು. ನೀರಿನಡಿ ರೂಫಸ್ ಎಣಿಸುತ್ತಿದ್ದ: ನಲವತ್ತು, ನಲವತ್ತೊಂದು... ಅರವತ್ತಕ್ಕೆ ದೇವರನ್ನು ಕರೆದ, ಎಪ್ಪತ್ತಕ್ಕೆ ವರ್ನಾಳನ್ನು. ಎಂಬತ್ತಕ್ಕೆ ಮುದುಕರು ಎದ್ದು ಹೋದರು.

ನಾಲ್ಕು ಹೊಡೆಯಿತು. ನೇರಳೆಹಣ್ಣಿನ ಬಣ್ಣದ ತುಟಿ ಹೊತ್ತು ಊಟದ ಕೋಣೆಗೆ ಬಂದ ರೂಫಸ್‌ನನ್ನು ಬೂನ್ ಮಗುವಿನಂತೆ ಮೇಲೆತ್ತಿದ. "ಗೆದ್ವಿ ಗುರು! ನಾವಿಬ್ರೂ ಉಳ್ಕೊಂಡ್ವಿ!" ಎಲ್ಲರೂ ಮೇಜು ಬಡಿದರು.

ಕೆಳಗಿಳಿಸುವಷ್ಟರಲ್ಲಿ ಹೆಗಲ ಮೇಲೊಂದು ಮೃದುವಾದ ಕೈ ಬಿತ್ತು.

"ಅಬ್ಬಾ, ಸಿಕ್ಕಿದೆಯಲ್ಲ. ಕೋಚ್ ಕರೀತಿದ್ದಾರೆ ಮಗಾ."

"ಪು... ಪುಸ್ತಕ?"

"ಪುಸ್ತಕ ಬೇಡ."

ಪುಸ್ತಕ ಬೇಡ! ರೂಫಸ್ ಕುಣಿಯುತ್ತಲೇ ಕೋಚ್ ಸ್ಟ್ರಾಡ್ಲರ ಕೋಣೆಗೆ ಹೋದ.

"ಕೂತ್ಕೋ ಮೇಬ್ರಿ. ನಿನ್ನ ಹೆಸರು ಬೆಳಿಗ್ಗೆ ಎಂಟಕ್ಕೇ ತೆಗೆದಾಯ್ತು."

"ಸರ್, ನನಗೆ ಯಾರೂ ಹೇಳಲೇ ಇಲ್ಲ!"

"ನಿಂಗೆ ಹೇಳಲಿ ಅಂತ ಪಟ್ಟಿ ಕಾಯುತ್ತೇನಯ್ಯ?" ಕೋಚ್ ಕನ್ನಡಕ ತೆಗೆದರು. "ಆದ್ರೆ ಊರು ಬಿಡೋದು ಬೇಡ. ಪ್ರೂಟ್ ಇವತ್ತಿಗೆ ನಿವೃತ್ತಿ. ಅವರ ಕೆಲಸ ನಿಂದು. ಸಂಬಳ ಕಮ್ಮಿ, ಆದ್ರೆ ಖಾಯಂ. ನಿನ್ನ ಹೆಸರು ಹೇಳಿದ್ದೂ ಅವರೇ. ಆರು ತಂಡದಲ್ಲಿ ಈ ಮಾತು ಕೇಳಿಸ್ಕೊಂಡೋನಿಗೆ ಹೇಗೆ ಹೇಳಬೇಕು ಅಂತ ಗೊತ್ತಿರುತ್ತೆ, ಅಂದ್ರು."

ರೂಫಸ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದೆಯೇ ಬಂದು ನಿಂತಿದ್ದ ಪ್ರೂಟ್ ಸಂಕೋಚದಿಂದ ಜೇಬಿನಿಂದ ಒಂದು ಚೀಟಿ ತೆಗೆದರು.

"ಇಡೀ ದಿನ ನಿನ್ನ ಹುಡುಕೋದೇ ಆಯ್ತು ಮಗಾ. ಇನ್ನೊಬ್ಬನಿಗೆ ಹೇಳೋದು ಉಳಿದುಬಿಡ್ತು. ಈಗ ಅದು ನಿನ್ನ ಪಾಲಿಗೆ."

ಚೀಟಿಯಲ್ಲಿ ಬೂನ್ ಹ್ಯಾಸ್ಕೆಟ್ ಎಂದಿತ್ತು.

ರೂಫಸ್ ಊಟದ ಕೋಣೆಯ ಬಾಗಿಲಲ್ಲಿ ನಿಂತ. ಅವನ ಮುಖ, ಕೈಯ ಚೀಟಿ ಕಂಡಿದ್ದೇ ಮಾತು ನಿಂತಿತು. ಈಗಷ್ಟೇ ಮೇಜು ಬಡಿದವರೆಲ್ಲ ತಟ್ಟೆಯೊಳಗೆ ಮುಖ ಹುದುಗಿಸಿದರು. ಕೆಲವರು ಬಗ್ಗಿಕೊಂಡು ಹಿಂಬಾಗಿಲ ಕಡೆ ಜಾರಿದರು. ಬೂನ್ ಒಬ್ಬನೇ ಐಸ್‌ಕ್ರೀಮ್ ಬಟ್ಟಲ ಮುಂದೆ ನಗುತ್ತ ಕೂತಿದ್ದ.

ರೂಫಸ್ ಹತ್ತಿರ ಹೋದ. ಗೆಳೆಯನ ಹೆಗಲ ಮೇಲೆ ಕೈಯಿಟ್ಟ. ಬಾಯಿ ತೆರೆದ. "ಕೋಚ್ ಕ... ಕರೀ..." ಎಂದ.

ಬೂನ್ ಆ ಕೈಯನ್ನು ನೋಡಿದ, ಮುಖವನ್ನು ನೋಡಿದ. ನಗು ಮೆಲ್ಲಗೆ ಇಳಿಯಿತು. ಚಮಚ ಕೆಳಗಿಟ್ಟು, ಕಾಲಿನಿಂದಲೇ ಪಕ್ಕದ ಕುರ್ಚಿ ಎಳೆದು, ನೀರಿನ ಲೋಟ ಮುಂದೆ ಸರಿಸಿದ.

"ಕೂತ್ಕೋ ಗುರು. ಮೊದಲನೇ ಸಲ, ಅಲ್ವಾ? ನೀರು ಕುಡಿ. ಆಮೇಲೆ ನಿಧಾನವಾಗಿ ಹೇಳು. ನಾನೇನೂ ಓಡಿ ಹೋಗಲ್ಲ."