“ಸಾಕು” ಎಂಬುದಕ್ಕೆ ಬದಲಿ ಪದ ಗೊತ್ತುಪಡಿಸಿದ ಬಗ್ಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ, ಈ ಐದೂ ಊರುಗಳ ವ್ಯಾಪ್ತಿಯಲ್ಲಿ ಪರಸ್ಪರ ಒಪ್ಪಿಗೆಯಿಂದ ನೋವು ಕೊಟ್ಟು ತೆಗೆದುಕೊಂಡು ಸಂತೋಷಪಡುವ ವಯಸ್ಕ ನಾಗರಿಕರ ಸಂಖ್ಯೆ ಆರು. ಸಂಘದ ನೋಂದಣಿಗೆ ಬೇಕಾದವರು ಏಳು. ಈ ಒಂದರ ಕೊರತೆಯನ್ನು ನೀಗಿಸಲು ಕೈಗೊಂಡ ಕ್ರಮಗಳನ್ನು ಇಲ್ಲಿ ದಾಖಲಿಸಿದೆ. ಆರರಲ್ಲಿ ನಾನೂ ಒಬ್ಬ. ನಿವೃತ್ತನಾದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ನನಗೂ ಅದೇ ಬೇಕಿತ್ತು.

ಈ ಸೀಮೆಯಲ್ಲಿ ಇಂಥವನು ನಾನೊಬ್ಬನೇ ಎಂದು ನಲವತ್ತು ವರ್ಷ ನಂಬಿದ್ದೆ. ವಾಡಿಯಲ್ಲಿ ನೌಕರಿ ಮಾಡುವಾಗ ಮೇ ತಿಂಗಳಲ್ಲಿ ಅರ್ಧ ದಿನ ರಜೆ ಹಾಕಿ ಶಹಾಬಾದಿಗೆ ಹೋಗಿ, ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯೊಂದರ ಅಂಗಳದಲ್ಲಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಂಗಿ ಬಿಚ್ಚಿ ಮಲಗುತ್ತಿದ್ದೆ. ಬೆನ್ನು ಚುರುಗುಟ್ಟಿದಷ್ಟೂ ಮನಸ್ಸು ಹಗುರ. ನಿವೃತ್ತಿಯ ಮರುವರ್ಷ ಹಾಗೇ ಮಲಗಿದ್ದಾಗ ಮೂರು ಕಲ್ಲು ಆಚೆಯಿಂದ ದನಿ ಬಂತು.

“ಆ ಕಲ್ಲ ಜಲ್ದಿ ಆರತದ್ರಿ. ಈ ಕಡಿ ಬರ್ರಿ, ಇದು ಛಲೋ ಕಾದದ.”

ಕಾರ್ಖಾನೆಯ ಮಾಲೀಕ ತಮ್ಮಣ್ಣ, ಅಂಗಿಯಿಲ್ಲದೆ ಅಂಗಾತ ಮಲಗಿದ್ದ. ಆ ಕ್ಷಣದ ನನ್ನ ಆನಂದವನ್ನು ತುಂಬಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ತಮ್ಮಣ್ಣನಿಗೆ ಇನ್ನೂ ನಾಲ್ವರು ಗೊತ್ತಿದ್ದರು. ಸೇಡಂನ ಗಂಡಹೆಂಡತಿ, ಚಿತ್ತಾಪುರದ ವಿಮೆ ಏಜೆಂಟ ಅಂಬರೇಶ, ಚಿಂಚೋಳಿಯ ನಿವೃತ್ತ ನರ್ಸ್ ಅಂಬುಬಾಯಿ. ಕೊಡುವ ಕಡೆಗೆ ಇದ್ದವರು ಅಂಬುಬಾಯಿ ಒಬ್ಬರೇ. ಮೂವತ್ತು ವರ್ಷ ಸೂಜಿ ಚುಚ್ಚಿದ ಕೈ.

ಸಮಸ್ಯೆ ಮಳೆಯದು. ಜೂನ್ ಮೊದಲ ವಾರದಲ್ಲಿ ಮಿರಗದ ಮಳೆ ಹಿಡಿದರೆ ಕಲ್ಲು ತಣ್ಣಗಾಗುತ್ತದೆ, ಆಮೇಲೆ ಕೂಡಲು ಜಾಗವಿಲ್ಲ. ಮನೆಗಳಲ್ಲಿ ವರ್ಷವಿಡೀ ಬೀಗರು. ಸಮುದಾಯ ಭವನದ ಹಿಂದಿನ ಕೋಣೆಯ ಕೀಲಿ ನೋಂದಾಯಿತ ಸಂಘಕ್ಕೆ ಮಾತ್ರ. ಆದ್ದರಿಂದ ನಿಯಮಾವಳಿ ರಚಿಸಿದೆವು. ಒಂದು: ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ಪೆಟ್ಟಿಲ್ಲ. ಎರಡು: ಪೆಟ್ಟು ತಿನ್ನುವವರು “ಸಾಕು” ಎಂದ ಕೂಡಲೇ ನಿಲ್ಲಿಸತಕ್ಕದ್ದು, ಕಾರಣ ಕೇಳತಕ್ಕದ್ದಲ್ಲ. ಮೂರು: ನಿಲ್ಲಿಸಿದ ಮೇಲೆ ನೀರು ಕೊಟ್ಟು, ಶಾಲು ಹೊದಿಸಿ, ಕಾಲು ತಾಸು ಪಕ್ಕದಲ್ಲಿ ಕುಳಿತು “ಹ್ಯಾಂಗ ಅನಸಾಕತ್ತದ?” ಎಂದು ವಿಚಾರಿಸತಕ್ಕದ್ದು.

ನಾವು ಎಡವಿದ್ದು ಎರಡನೆಯದರಲ್ಲಿ. ಮೊದಲ ಭಾನುವಾರ ಕಾರ್ಖಾನೆಯ ಅಂಗಳದಲ್ಲೇ ಅಂಬರೇಶ ಬೆನ್ನು ಕೊಟ್ಟ. ಅಂಬುಬಾಯಿ ಹುಣಸೆ ಬರಲು ಹಿಡಿದರು. ಎಂಟನೇ ಪೆಟ್ಟಿಗೆ ಅವನು, “ಸಾಕ್ರಿ, ಸಿಸ್ಟರ” ಎಂದ.

“ಇನ್ನೊಂದೆರಡ ತಗೋರಿ.”

“ಖರೇ ಸಾಕ್ರಿ!”

“ಅಯ್ಯ, ನಾಚಬ್ಯಾಡ್ರಿ. ನೀವು ಏನೂ ತಗೊಂಡೇ ಇಲ್ಲ!” ಎಂದು ಇನ್ನೂ ಮೂರು ಬಡಿಸಿದರು.

ವಿಚಾರಣೆ ನಡೆಯಿತು. ಅಂಬುಬಾಯಿಯವರ ತಪ್ಪೇನೂ ಕಂಡುಬರಲಿಲ್ಲ. ಉಣ್ಣುವವರು ಸಾಕು ಎಂದಾಕ್ಷಣ ಹೋಳಿಗೆ ನಿಲ್ಲಿಸಿದ ಮನೆಗೆ ನಮ್ಮ ಕಡೆ ಹೆಣ್ಣು ಕೊಡುವವರಿಲ್ಲ. ಬದಲಿಗೆ “ಬ್ಯಾಡ” ಎಂಬ ಪದವನ್ನು ಪರೀಕ್ಷಿಸಲಾಯಿತು: ನಾಲ್ಕು ಪೆಟ್ಟು ಹೆಚ್ಚು ಬಿದ್ದವು. ಎಲೆಗೆ ಅಡ್ಡ ಹಿಡಿದಂತೆ ಅಂಗೈ ಅಡ್ಡ ಹಿಡಿದದ್ದಕ್ಕೆ ಅಂಗೈ ಮೇಲೇ ಬಿತ್ತು.

“ನನಗ ಪೆಟ್ಟು ಬೇಕ್ರಿ, ಉಪಚಾರ ಬ್ಯಾಡ,” ಎಂದ ಅಂಬರೇಶ. “ನಿಲ್ಲೂ ಶಬ್ದ ಹುಡುಕ್ರಿ. ಇಲ್ಲಂದ್ರ ನಾ ರಾಜೀನಾಮೆ ಕೊಡ್ತೀನಿ.”

ಆರು ಐದಾಗುವ ಹೊತ್ತಿನಲ್ಲಿ, ಒಂದು ಸೋಮವಾರ, ನಾನು, ತಮ್ಮಣ್ಣ, ಅಂಬುಬಾಯಿ ಅರ್ಜಿ ಹಿಡಿದು ನೋಂದಣಿ ಕಚೇರಿಗೆ ಹೋದೆವು. ಖಿಡಕಿಯಲ್ಲಿ ಗುಮಾಸ್ತ ನಾಗೇಂದ್ರಪ್ಪ.

“ಸಂಘದ ಉದ್ದೇಶ?”

“ಒಪ್ಪಿಗೆ ಮ್ಯಾಲ ಹೊಡಸ್ಕೊಳ್ಳೋದ್ರಿ,” ಎಂದೆ.

ಅವರು ತಲೆ ಎತ್ತಲಿಲ್ಲ. “ಧಾರ್ಮಿಕ, ಕ್ರೀಡೆ, ಕೃಷಿ, ಇತರೆ. ಯಾವುದ್ರಾಗ ಹಾಕಲಿ?”

“ಇತರೆ.”

“ಇತರೆ ತುಂಬ್ಯದ್ರಿ. ಕೃಷಿದಾಗ ಜಾಗ ಅದ.”

“ಹಾಕ್ರಿ.”

“ಫಲಾನುಭವಿ ಯಾರು? ಹೊಡೆಯೋರೋ, ಹೊಡಸ್ಕೊಳ್ಳೋರೋ?”

“ಇಬ್ಬರೂ.”

“ಇಬ್ಬರಿಗೂ ಲಾಭ ಆಗೋ ಯೋಜನಾ ನಮ್ಮಲ್ಲಿ ಇಲ್ರಿ. ಮತ್ತ ಏಳನೇದವ್ರ ಸಹಿ ಎಲ್ಲದ?”

ಅಷ್ಟರಲ್ಲಿ ಹಿಂದಿನ ಐವತ್ತು ಮಂದಿ ನುಗ್ಗಿದರು. ಖಿಡಕಿಯೊಳಗೆ ಹತ್ತಾರು ಕೈ, ಹತ್ತಾರು ಅರ್ಜಿ. ಒಬ್ಬ ಮುದುಕ ಕಟ್ಟೆ ಗುದ್ದಲು ಮುಷ್ಟಿ ಎತ್ತಿದ. ನಾಗೇಂದ್ರಪ್ಪ ಕಂಪ್ಯೂಟರ್ ನೋಡಿ ಮೆಲ್ಲಗೆ ಹೇಳಿದರು.

“ಸರ್ವರ್ ಡೌನ್.”

ಕಚೇರಿ ಸ್ತಬ್ಧವಾಯಿತು. ಕೈಗಳೆಲ್ಲ ಹಿಂದೆ ಸರಿದವು. ಮುದುಕನ ಮುಷ್ಟಿ ಗಾಳಿಯಲ್ಲೇ ಬಿಚ್ಚಿಕೊಂಡಿತು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಅಂಬುಬಾಯಿ ನನ್ನ ತೋಳು ಚಿವುಟಿದರು (ಒಪ್ಪಿಗೆ ಮೊದಲೇ ಕೊಟ್ಟಿದ್ದೆ). “ಅಣ್ಣೋರ, ಶಬ್ದ ಸಿಕ್ತು!”

ಆದರೆ ಅವರು ನಿಯಮದ ಹೆಂಗಸು. ಶಬ್ದ ಬಿದ್ದಮೇಲೆ ಮೂರನೇ ನಿಯಮ ಜಾರಿಯಾಗಲೇಬೇಕು. ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ನಾಗೇಂದ್ರಪ್ಪನವರಿಗೆ ತಮ್ಮ ಬಾಟಲಿಯ ನೀರು ಕೊಟ್ಟರು, ತಮ್ಮ ಶಾಲು ಹೊದಿಸಿದರು, ಸ್ಟೂಲ್ ಎಳೆದು ಕುಳಿತರು.

“ಹ್ಯಾಂಗ ಅನಸಾಕತ್ತದ, ಸಾಹೇಬ್ರ?”

ಅವರು ಕುಳಿತ ಇಪ್ಪತ್ತೆರಡು ವರ್ಷದಲ್ಲಿ ಆ ಖಿಡಕಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ನಾಗೇಂದ್ರಪ್ಪ ಶಾಲನ್ನು ಕತ್ತಿನವರೆಗೆ ಎಳೆದುಕೊಂಡರು. “ಎಲ್ಲಿಂದ ಶುರು ಮಾಡ್ಲಿ, ಸಿಸ್ಟರ?” ಎಂದರು.

ಮುಂದಿನ ಸೋಮವಾರ ನಾವು ಮೆಟ್ಟಿಲು ಹತ್ತುವ ಮೊದಲೇ ಸರ್ವರ್ ಡೌನ್ ಆಗಿತ್ತು, ನಾಗೇಂದ್ರಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಟ್ಟಿದ್ದರು. ಮೂರನೇ ಸೋಮವಾರ ಆಕಾಶದಲ್ಲಿ ಮೋಡವಿತ್ತು, ಮಿರಗಕ್ಕೆ ನಾಲ್ಕೇ ದಿನ. ನಾಗೇಂದ್ರಪ್ಪ ಅರ್ಜಿಯನ್ನು ಆಕ್ಷೇಪಣೆ ಸಹಿತ ಹಿಂತಿರುಗಿಸಿದರು. ಏಳನೇ ಸಾಲಿನಲ್ಲಿ ಪೆನ್ಸಿಲ್ಲಿನಲ್ಲಿ ಅವರದೇ ಸಹಿ ಇತ್ತು.

“ನಾ ಹೊಡಸ್ಕೊಳ್ಳಂಗಿಲ್ರಿ,” ಎಂದರು ತಗ್ಗಿದ ದನಿಯಲ್ಲಿ. “ಆಮ್ಯಾಲಿಂದು ಇರ್ತದಲ್ಲ, ನೀರು, ಶಾಲು, ಅಷ್ಟ ಬೇಕು.”

“ನೋವ ಇಲ್ಲದ ಹ್ಯಾಂಗ ಮೆಂಬರ್ ಮಾಡ್ಕೋಬೇಕ್ರಿ?” ತಮ್ಮಣ್ಣ ತಕರಾರು ತೆಗೆದ.

“ಇಪ್ಪತ್ತೆರಡ ವರ್ಷ ಈ ಖಿಡಕ್ಯಾಗ ಕುಂತಾರ,” ಎಂದರು ಅಂಬುಬಾಯಿ. “ಇನ್ನ ಎಷ್ಟ ನೋವ ಬೇಕೋ ನಿನಗ?”

ಸದರಿಯವರು ನೋವಿನ ಭಾಗವನ್ನು ಇಲಾಖೆಯಲ್ಲಿ ಮುಂಚಿತವಾಗಿ ಪೂರೈಸಿರುತ್ತಾರೆ ಎಂದು ಸರ್ವಾನುಮತದಿಂದ ಠರಾವಾಯಿತು. ಲಿಖಿತ ಒಪ್ಪಿಗೆಯ ಬಗ್ಗೆ ಪ್ರಶ್ನೆ ಬಂದಾಗ, ಅವರು ನೌಕರಿಗೆ ಹಾಜರಾದ ದಿನದ ವರದಿಯ ಜೆರಾಕ್ಸ್ ಲಗತ್ತಿಸಲಾಯಿತು. ಅದು ಕ್ರಮಬದ್ಧವಾಗಿತ್ತು. ಮಿರಗದ ಮೊದಲ ಹನಿ ಬಿದ್ದ ದಿನ ಕೋಣೆಯ ಕೀಲಿ ನಮ್ಮ ಕೈಯಲ್ಲಿತ್ತು, ಅಂಬರೇಶನ ರಾಜೀನಾಮೆ ಅವನ ಕಿಸೆಯಲ್ಲೇ ಉಳಿದಿತ್ತು.

ಸಂಘ ಕೃಷಿಯಲ್ಲಿ ನೋಂದಣಿಯಾದ್ದರಿಂದ ಸಾಗುವಳಿ ಕ್ಷೇತ್ರ ಎಷ್ಟೆಂದು ಪತ್ರ ಬಂತು. ಐದು ಬೆನ್ನು ಎಂದು ಉತ್ತರಿಸಿದೆವು. ಅಂಗೀಕಾರವಾಗಿದೆ. ಆ ಕಚೇರಿಯ ಗೋಡೆಗೂ ಪ್ರಕಟಣೆ ಹತ್ತಿದೆ: “ಸರ್ವರ್ ಡೌನ್ ಆದಾಗ ಸಾರ್ವಜನಿಕರು ಸಿಬ್ಬಂದಿಯ ಯೋಗಕ್ಷೇಮ ವಿಚಾರಿಸತಕ್ಕದ್ದು. ಶಾಲು ತಾವೇ ತರತಕ್ಕದ್ದು.” ಜನ ತರುತ್ತಿದ್ದಾರೆ.

ಕಳೆದ ವಾರ ಚಿತ್ತಾಪುರದಲ್ಲಿ ಒಂದು ಮದುವೆಯ ಊಟ. ನನ್ನ ಎದುರು ಪಂಗತಿಯಲ್ಲಿ ನನಗೆ ಪರಿಚಯವಿಲ್ಲದ ಹಿರಿಯರೊಬ್ಬರ ಎಲೆಗೆ ನಾಲ್ಕನೇ ಹೋಳಿಗೆ ಇಳಿಯುವುದರಲ್ಲಿತ್ತು.

“ಸರ್ವರ್ ಡೌನ್,” ಎಂದರು ಹಿರಿಯರು.

ಹೋಳಿಗೆ ನಡುಗಾಳಿಯಲ್ಲಿ ನಿಂತಿತು. ಬಡಿಸುವವ ಅದನ್ನು ಬುಟ್ಟಿಗೆ ವಾಪಸು ಹಾಕಿ, ನೀರು ತಂದುಕೊಟ್ಟು, ತನ್ನ ಹೆಗಲ ಮೇಲಿನ ವಲ್ಲಿ ಬಟ್ಟೆ ಹೊದಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಪಂಗತಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ.

“ಹ್ಯಾಂಗ ಅನಸಾಕತ್ತದ್ರಿ, ಕಾಕಾ?”

ಹಿರಿಯರು ಯೋಚಿಸಿದರು. “ಭಾಳ ಛಲೋ ಅನಸಾಕತ್ತದ,” ಎಂದರು. “ಈಗ ಒಂದ ಹಾಕು.”