ಮನೆಬಾಗಿಲಲ್ಲಿ ಕಸ್ಟಮ್ಸು

ಕೆನಡಾ ದೇಶದೊಳಗೆ ಬರುವುದು ಸುಲಭ, ನಮ್ಮ ಮಾಮಾನ ಮನೆಯೊಳಗೆ ಬರುವುದು ಕಷ್ಟ. ಎರಡನ್ನೂ ನಾನು ಒಂದೇ ದಿನ, ಒಂದೇ ಸೂಟ್‌ಕೇಸು ಹಿಡಿದು ಮಾಡಿದವನು, ಆದ್ದರಿಂದ ಖಾತ್ರಿಯಾಗಿ ಹೇಳುತ್ತೇನೆ. ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನ ಹೆಣ್ಣುಮಗಳು ನನ್ನ ಮುಖ ನೋಡಿದಳು, ಕಾಗದ ನೋಡಿದಳು, ಓದಲಿಕ್ಕೆ ಬಂದಿದ್ದೀಯಾ, ಒಳ್ಳೆಯದಾಗಲಿ ಎಂದು ಕೈ ಬೀಸಿ ಕಳಿಸಿದಳು. ಮಿಸಿಸಾಗದ ಮನೆಯಲ್ಲಿ ಮಾಮಾ ಮಾತ್ರ ಮುಂಬಾಗಿಲು ತೆರೆಯಲೇ ಇಲ್ಲ. ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿದರು. ಒಳಗೆ ಒಂದು ಉದ್ದನೆಯ ಮೇಜು, ಮೇಲೆ ಟ್ಯೂಬ್‌ಲೈಟು, ಮೂಲೆಯಲ್ಲಿ ಒಂದು ತಕ್ಕಡಿ.

"ಏನೇನ್ ತಂದೀ, ಅಳಿಯಾ?"

"ಏನಿಲ್ರೀ ಮಾಮಾ. ಅವ್ವ ಸ್ವಲ್ಪ ತಿನ್ನೂದು ಕೊಟ್ಟಾಳ."

"ಏನಿಲ್ಲ ಅಂದಿ, ಮತ್ತ ಸ್ವಲ್ಪ ಐತಿ ಅಂದಿ. ಎರಡು ಹೇಳಿಕಿ ಆತು. ತಗಿ ಚೀಲ."

ಹೊರಗೆ ಜನವರಿ. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಮಾಮಾ ಅವಸರವಿಲ್ಲದೆ ಒಂದೊಂದೇ ಪೊಟ್ಟಣ ಎತ್ತಿ, ಮೂಸಿ, ತೂಗಿ ನೋಡಿದರು.

"ಇದು?"

"ಶೇಂಗಾ ಹಿಂಡಿ. ಹುಬ್ಬಳ್ಳೀದು."

"ಹಿಂಡಿ ಇರಲಿ, ಶೇಂಗಾ ಎಲ್ಲೀದು?"

"ಪ್ಯಾಟ್ಯಾಗ ತಂದಿದ್ದು. ಯಾ ಊರಾಗ ಬೆಳದಿದ್ದೋ ನನಗೇನ್ ಗೊತ್ರಿ?"

"ಕುಟ್ಟಿದ್ದು?"

"ಮನ್ಯಾಗ. ಅವ್ವ."

ಮಾಮಾ ಕಣ್ಣು ಮುಚ್ಚಿ ಯೋಚಿಸಿದರು. "ಹಂಗಾರ ಇದು ನಿಮ್ಮವ್ವನ ಮಾಲು. ಎಲ್ಲಿ ಬೆಳೀತು ಅನ್ನೂದಲ್ಲ, ಯಾರ ಕೈಯಾಗ ರೂಪ ಬದಲಾತು ಅನ್ನೂದು ಲೆಕ್ಕ. ಸುಂಕ ಮಾಫ್," ಎಂದು ಆ ಚಟ್ನಿಪುಡಿಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಅದು ಸುಂಕವಲ್ಲವಂತೆ, ಸ್ಯಾಂಪಲ್ಲು.

ಅಷ್ಟರಲ್ಲಿ ಅದೇ ಅಳತೆಯ ಇನ್ನೊಂದು ಪೊಟ್ಟಣ ಹೊರಬಂತು.

"ಅದು ದೊಡ್ಡಮಾಮಾಂದು ರಿ. ನಾರ್ತ್ ಯಾರ್ಕಿಗೆ ಮುಟ್ಟಸ್ಬೇಕು."

ಮಾಮಾನ ಕೈ ತಕ್ಕಡಿಯ ಮೇಲೆ ಹಾಗೇ ನಿಂತಿತು. ದೊಡ್ಡಮಾಮಾ ಎಂದರೆ ಅವರ ಒಡಹುಟ್ಟಿದ ಅಣ್ಣ. ಇಬ್ಬರ ನಡುವೆ ಮಾತಿಲ್ಲ ಎಂದು ಅವ್ವ ಹೇಳಿದ್ದಳು. ಮಾತಿಲ್ಲದಿರುವುದು ಇಷ್ಟು ಜೋರಾಗಿ ಕೇಳಿಸುತ್ತದೆ ಎಂದು ಹೇಳಿರಲಿಲ್ಲ. ಮಾಮಾ ಆ ಪೊಟ್ಟಣವನ್ನು ಬಿಚ್ಚಲಿಲ್ಲ, ಮೂಸಲಿಲ್ಲ. ಹುರಿ ತಂದು ನಾಲ್ಕೂ ಕಡೆ ಬಿಗಿದರು, ಗಂಟಿನ ಮೇಲೆ ಮೇಣದಬತ್ತಿಯ ಹನಿ ಸುರಿಸಿ ಹೆಬ್ಬೆಟ್ಟು ಒತ್ತಿದರು.

"ಇದು ಟ್ರಾನ್ಸಿಟ್ ಮಾಲು. ನನ್ನ ಸೀಮಿ ದಾಟಿ ಹೋಗೂದಷ್ಟಽ. ಇಲ್ಲಿ ಯಾರೂ ಬಿಚ್ಚೂ ಹಂಗಿಲ್ಲ."

"ಯಾರ್ ಬಿಚ್ತಾರ್ರೀ? ಈ ಮನ್ಯಾಗ ಇರಾವ್ರು ನೀವು ಮತ್ತ ನಾನು."

"ಅದಕ್ಕಽ ಸೀಲ್ ಹಾಕೀನಿ."

ಮಾಮಾ ಹೀಗಾಗಲು ಕಾರಣ ಆಫ್ರಿಕಾ. ಅಣ್ಣ ತಮ್ಮ ಇಬ್ಬರೂ ಹರೆಯದಲ್ಲೇ ಹುಬ್ಬಳ್ಳಿ ಬಿಟ್ಟು ಅಲ್ಲಿಗೆ ಹೋದವರು. ಜಾಂಬಿಯಾಕ್ಕೂ ಜಿಂಬಾಬ್ವೆಗೂ ನಡುವೆ ಒಂದು ದೊಡ್ಡ ನದಿ, ನದಿಗೆ ಸೇತುವೆ, ಸೇತುವೆಯ ಆ ತುದಿಗೊಂದು ಈ ತುದಿಗೊಂದು ಕಸ್ಟಮ್ಸು. ದಕ್ಷಿಣದ ದಂಡೆಯಲ್ಲಿ ಅಣ್ಣನ ಆಫೀಸು, ಉತ್ತರದ ದಂಡೆಯಲ್ಲಿ ತಮ್ಮನದು. ಲಾರಿಯವರ ಕಾಗದಪತ್ರ ಒಪ್ಪಿಸಿ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಕೆಲಸ. ತಮ್ಮನಿಗೆ ಅಲ್ಲೇ ಊರೊಳಗೆ ಒಂದು ಸಣ್ಣ ಅಂಗಡಿಯೂ ಇತ್ತು. ಬಂದರಿನಿಂದ ಬಂದ ಲಾರಿ ಮೊದಲು ಅಣ್ಣನ ಕಡೆ ದಿನಗಟ್ಟಲೆ ನಿಲ್ಲಬೇಕು. ಬಿಡುಗಡೆಯಾಗಿ ಸೇತುವೆ ದಾಟಿದರೆ ಅದೇ ಮಾಲು, ಅದೇ ಕಾಗದ, ಅದೇ ಡ್ರೈವರು, ಮತ್ತೆ ತಮ್ಮನ ಕಡೆ ದಿನಗಟ್ಟಲೆ ನಿಲ್ಲಬೇಕು. ಆ ನದಿ ದಾಟಲು ಲಾರಿಗಿಂತ ಮೊಸಳೆಗೆ ಕಡಿಮೆ ಹೊತ್ತು ಸಾಕಿತ್ತು. ಆಮೇಲೆ ವಯಸ್ಸಾಗಿ, ಮಕ್ಕಳ ಹಿಂದೆ ಇಬ್ಬರೂ ಕೆನಡಾಕ್ಕೆ ಬಂದರು. ಮಕ್ಕಳು ಕೆಲಸ ಹುಡುಕಿಕೊಂಡು ಬೇರೆ ಬೇರೆ ಊರಿಗೆ ಹೋದರು, ಇವರು ಉಳಿದರು.

ಕೇಳಿ ಕೇಳಿ ನನಗೂ ಹುಚ್ಚು ಹಿಡಿಯಿತು. ಕಾಲೇಜಿನಲ್ಲಿ ನಾನು ಕಲಿಯುತ್ತಿದ್ದದ್ದು ಎಲೆಕ್ಟ್ರಿಕಲ್ಲು, ಶಿಫ್ಟಲ್ಲಿ ಮಾಡುತ್ತಿದ್ದದ್ದು ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ಡಬ್ಬ ಎತ್ತುವುದು, ಬಸ್ಸಿನಲ್ಲಿ ಫೋನು ಹಿಡಿದು ಓದುತ್ತಿದ್ದದ್ದು ಮಾತ್ರ ಆಫ್ರಿಕಾದ ಸುಂಕ. ನಿಮಗೆ ಗೊತ್ತಾ? ಅಲ್ಲಿ ಎಷ್ಟೋ ಕಡೆ ಪಕ್ಕದ ದೇಶಕ್ಕೆ ಮಾರುವುದಕ್ಕಿಂತ ಸಮುದ್ರದಾಚೆಗೆ ಮಾರುವುದೇ ಸಲೀಸಂತೆ. ಸುಂಕ ಇಳಿಸಿದರೂ ಸಾಲದಂತೆ, ಗೇಟಿನಲ್ಲಿ ಕಾಯುವುದೇ ದೊಡ್ಡ ಸುಂಕವಂತೆ. ಇದನ್ನು ಕಂಡಕಂಡವರಿಗೆಲ್ಲ ಹೇಳತೊಡಗಿದೆ. ಕಾಲೇಜಿನ ಗೆಳೆಯರು ನಾನು ಕ್ಯಾಂಟೀನಿಗೆ ಬಂದರೆ ಜಾಗ ಬದಲಿಸತೊಡಗಿದರು. ನಾನೇನು ಮಾಡಲಿ? ಹಿಮ ಬಿದ್ದು ಕಿಟಕಿ ಮುಚ್ಚಿಹೋದ ಬೇಸ್‌ಮೆಂಟಿನಲ್ಲಿ ಒಬ್ಬನೇ ಇರುವವನಿಗೆ ಯಾವುದಾದರೂ ಒಂದು ಖಂಡ ಬೇಕಲ್ಲ?

ಇರಲಿ. ಸೀಲು ಹಾಕಿದ ಪೊಟ್ಟಣ ಹಿಡಿದು ಮೊದಲ ಭಾನುವಾರವೇ ನಾರ್ತ್ ಯಾರ್ಕಿಗೆ ಹೋದೆ. ಬಸ್ಸು, ಇನ್ನೊಂದು ಬಸ್ಸು, ಸಬ್‌ವೇ. ದಾರಿಯಲ್ಲಿ ಯಾರೂ ಏನು ತಂದಿ ಎಂದು ಕೇಳಲಿಲ್ಲ. ಎತ್ತರದ ಅಪಾರ್ಟ್‌ಮೆಂಟಿನಲ್ಲಿ ದೊಡ್ಡಮಾಮಾ ನನ್ನ ಮುಖ ನೋಡುವ ಮೊದಲೇ ಪೊಟ್ಟಣ ಇಸಿದುಕೊಂಡು ಕನ್ನಡಕ ಏರಿಸಿದರು.

"ಸೀಲ್ ಒಡದಿಲ್ಲ, ಹೌದಲ್ಲೋ?"

ನಾನು ಸುಸ್ತಾದೆ. ಹುಚ್ಚು ಒಬ್ಬರದಲ್ಲ, ಮನೆತನದ್ದು.

ಮೇಣದ ಮೇಲಿನ ಹೆಬ್ಬೆಟ್ಟಿನ ಗುರುತನ್ನು ಅವರು ಬಹಳ ಹೊತ್ತು ನೋಡಿದರು. "ಗಂಟು ಚೊಲೋ ಹಾಕ್ಯಾನ. ನಾನಽ ಕಲಿಸಿದ್ದು," ಎಂದು ಪೊಟ್ಟಣವನ್ನು ಬಿಚ್ಚದೆಯೇ ಕಪಾಟಿನಲ್ಲಿಟ್ಟರು.

"ಬಿಚ್ಚೂದಿಲ್ಲೇನ್ರಿ?" ಎಂದೆ.

"ಸೀಲ್ ಹಾಕಿದಾಂವ, ಮಾಲು ತಗೊಂಡಾಂವ, ಇಬ್ಬರೂ ಇದ್ದಾಗ ಬಿಚ್ಚಬೇಕು. ಒಬ್ಬನಽ ಬಿಚ್ಚೂದು ಪದ್ಧತಿ ಅಲ್ಲ."

ದೊಡ್ಡಮಾಮಿ ಅಡುಗೆಮನೆಯಿಂದಲೇ, "ಬಿಡಪ್ಪಾ, ನಾ ಬ್ಯಾರೆ ಹಿಂಡಿ ಕುಟ್ಕೋತೀನಿ," ಎಂದರು. ಚಹಾ ಕೊಡುತ್ತ ಹಳೆಯ ಕತೆ ಹೇಳಿದ್ದೂ ಅವರೇ.

"ಆ ದಂಡಿ ಮ್ಯಾಲ ನಿಮ್ಮ ಮಾಮಾ ಒಬ್ಬನಽ, ಹೇಣ್ತಿ ತೀರಿಕೊಂಡಿದ್ಲು. ನಾ ಈ ಕಡಿಯಿಂದ ಡ್ರೈವರ್ ಕೈಯಾಗ ಡಬ್ಬಿ ಕಳಸ್ತಿದ್ದೆ. ಅನ್ನ ಸಾರು ಕಳಿಸಿದ್ರ ಲಾರಿ ಎರಡೂ ಕಡಿ ನಿಂತು ನಿಂತು ಹಳಸಿ ಹೋಗೂದು. ಅಂವಾ ಅದನ್ನಽ ಉಂಡು, ಚೊಲೋ ಇತ್ತು ವೈನೀ ಅಂತ ಹೇಳಿ ಕಳಸಾಂವ. ಡ್ರೈವರ್ ಒಬ್ಬ ಖರೇ ಹೇಳಿದ ಮ್ಯಾಲ ಕಟಕ ರೊಟ್ಟಿ ಒಣಗಿಸಿ ಕಳಸಾಕ ಸುರು ಮಾಡಿದೆ. ರೊಟ್ಟಿಗೆ ಯಾ ಕಸ್ಟಮ್ಸೂ ಏನೂ ಮಾಡಾಕ ಆಗೂದಿಲ್ಲ."

ಮುಂದೆ ಎರಡೂ ದೇಶ ಬುದ್ಧಿ ಕಲಿತವು. ಲಾರಿ ಒಂದೇ ದಂಡೆಯಲ್ಲಿ ನಿಂತರೆ ಸಾಕು, ಎರಡೂ ದೇಶದ ಅಧಿಕಾರಿಗಳು ಒಂದೇ ಕೋಣೆಯಲ್ಲಿ ಕೂತು ಒಂದೇ ಸಲ ನೋಡಿ ಬಿಡಬೇಕು ಎಂದಾಯಿತು. ಉತ್ತರಕ್ಕೆ ಹೋಗುವ ಲಾರಿಗೆಲ್ಲ ಉತ್ತರದ ದಂಡೆಯಲ್ಲೇ ತಪಾಸಣೆ. ದಕ್ಷಿಣದಲ್ಲಿ ದೊಡ್ಡಮಾಮಾಗೆ ಕೆಲಸ ಉಳಿಯಲಿಲ್ಲ. ಮೇಜು ಎತ್ತಿಕೊಂಡು ಸೇತುವೆ ದಾಟಿ ತಮ್ಮನ ಆಫೀಸಿಗೆ ಬಂದರು. ಸ್ವಲ್ಪ ಕಾಲ ಅಣ್ಣ ತಮ್ಮ ಎದುರುಬದುರು ಕೂತು ಬಿಸಿ ಅನ್ನ ಉಂಡರು. ಆದರೆ ಲಾರಿ ಬೇಗ ಬೇಗ ಬಿಟ್ಟ ಹಾಗೆಲ್ಲ ಏಜೆಂಟರ ಕೆಲಸವೂ ತೆಳ್ಳಗಾಯಿತು. ಒಂದು ದಿನ ದೊಡ್ಡಮಾಮಾ ಡ್ರೈವರುಗಳ ಎದುರಿಗೇ, "ತಮ್ಮಾ, ಇಲ್ಲಿ ಒಬ್ಬ ಸಾಕು. ನೀ ಊರಾಗಿನ ಅಂಗಡಿ ನೋಡಿಕೋ," ಎಂದುಬಿಟ್ಟರು. ಹೇಳಿದ್ದು ಯಾವ ಆಫೀಸಿನಲ್ಲಿ? ತಮ್ಮನ ಆಫೀಸಿನಲ್ಲಿ. ಕೂತದ್ದು ಯಾರ ಕುರ್ಚಿಯಲ್ಲಿ? ತಮ್ಮನ ಕುರ್ಚಿಯಲ್ಲಿ. ಮಾಮಾ ಎದ್ದು ಹೊರಟರು. ಆಮೇಲೆ ಅಣ್ಣನ ಜೊತೆ ಒಂದು ಮಾತೂ ಆಡಿಲ್ಲ. ಎರಡು ದೇಶಗಳು ಒಂದು ಕೋಣೆಯಲ್ಲಿ ಕೂತವು, ಒಂದು ತಾಯಿಯ ಮಕ್ಕಳಿಗೆ ಆಗಲಿಲ್ಲ.

ತಮಾಷೆ ಏನೆಂದರೆ, ಗಡಿಗಳೆಲ್ಲ ತೆರೆಯಬೇಕು ಎಂದು ಮಾಮಾನಷ್ಟು ಗಂಟಲು ಹರಿದುಕೊಂಡವರನ್ನು ನಾನು ನೋಡಿಲ್ಲ. ೨೦೧೮ರಲ್ಲಿ ಆಫ್ರಿಕಾದ ದೇಶಗಳು ಇಡೀ ಖಂಡವೇ ಒಂದು ಮಾರುಕಟ್ಟೆಯಾಗಲಿ ಎಂದು ಒಪ್ಪಂದ ಮಾಡಿಕೊಂಡವಲ್ಲ, ಆ ವಾರವೇ ನಮ್ಮವರ ಯುಗಾದಿ ಕೂಟವಿತ್ತು. ಮಾಮಾ ಪೇಡೆ ಡಬ್ಬಿ ಹಿಡಿದು ಸಭಾಂಗಣದ ತುಂಬ ಓಡಾಡಿದರು.

"ಏನ್ ವಿಶೇಷರಿ? ಮೊಮ್ಮಗನೇನು?"

"ಅಲ್ರೀ, ಆಫ್ರಿಕಾ."

ಜನ ಪೇಡೆ ತಿಂದು, ಕೈ ಒರೆಸಿಕೊಂಡು, ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಾಮಾ ಊಟದ ಮೇಜಿನ ಹತ್ತಿರ ಹೋಗಿ ಬೆಳಗಾವಿಯ ಅಕ್ಕ ಒಬ್ಬರು ತಂದಿದ್ದ ಹೋಳಿಗೆಯನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದರು.

"ಇವು ನೀವಽ ಮಾಡಿದ್ದೇನ್ರಿ ಅಕ್ಕಾರ?"

"ಮತ್ಯಾರ್ ಮಾಡ್ತಾರ್ರೀ? ನಸುಕಿನ್ಯಾಗ ಎದ್ದು ಮಾಡೀನಿ."

"ಎಲ್ಲಾವೂ ಒಂದಽ ಅಳತಿ ಅದಾವು."

"ನನ್ನ ಕೈ ಅಷ್ಟು ಚೊಲೋ ಐತಿ."

"ಕೈ ಚೊಲೋ ಇರವಲ್ದ್ಯಾಕ. ಅಂಗಡಿ ಮಾಲಿಗೆ ಮನೀ ಡಬ್ಬಿ ಹಾಕೂದು ಚೊಲೋ ಅಲ್ಲ. ಗಡ್ಯಾಗ ಹಿಂಗ ಸಿಕ್ಕಿದ್ರ ಲಾರೀನಽ ಹಿಡದು ನಿಲ್ಲಸ್ತಿದ್ರು."

"ನಿಮ್ಮ ಪೇಡೆ ನೀವಽ ಕಾಸಿ ಮಾಡಿದ್ರೇನು?"

"ಅಂಗಡೀದು ಅಂತ ನಾ ಮೊದಲಽ ಹೇಳೀನಲ್ರೀ."

ಸುತ್ತ ನಿಂತವರು ನಕ್ಕರು. ಅಕ್ಕನ ಮುಖ ಕೆಂಪಾಯಿತು. ಸೌಟು ಕೆಳಗಿಟ್ಟು ನಿಧಾನಕ್ಕೆ ಹೇಳಿದರು. "ಅಲ್ಲಿ ಕಿಟಕಿ ಹತ್ರ ಕುಂತಾರ ನೋಡ್ರಿ ನಿಮ್ಮ ಅಣ್ಣಾರು. ಅವರಿಗೆ ಕೊಟ್ರೇನು ಪೇಡೆ? ಇಡೀ ಆಫ್ರಿಕಾದ ಗಡಿ ತಗೀತೀರಿ, ಈ ಹಾಲ್ ದಾಟಾಕ ಆಗವಲ್ದು ನಿಮಗ."

ಕಿಟಕಿಯ ಹತ್ತಿರ ದೊಡ್ಡಮಾಮಾ ಟೋಪಿ, ಮಫ್ಲರು ಹಾಕಿಕೊಂಡು, ತಟ್ಟೆ ಮುಟ್ಟದೆ ಕೂತಿದ್ದರು. ಹೋದ ಸಲಕ್ಕಿಂತ ಅರ್ಧ ಆಗಿದ್ದರು. ಮಾಮಾ ಪೇಡೆ ಡಬ್ಬಿಯ ಮುಚ್ಚಳ ಹಾಕಿದರು.

ಮನೆಗೆ ಬರುವಾಗ ಕಾರಿನಲ್ಲಿ ಒಂದೇ ಮಾತು ಆಡಿದರು. "ಒಪ್ಪಂದಕ್ಕ ದೊಡ್ಡ ದೊಡ್ಡಾವ್ರು ಸಹಿ ಹಾಕ್ತಾರೋ, ಅಳಿಯಾ. ಗೇಟ್ ಎತ್ತಾಂವ ಕಸ್ಟಮ್ಸಿನಾಂವ. ಅಂವನ ಕೈ ಏಳದಿದ್ರ ಏನೂ ಇಲ್ಲ."

ಮುಂದಿನ ಚಳಿಗಾಲಕ್ಕೆ ದೊಡ್ಡಮಾಮಾ ಹಾಸಿಗೆ ಹಿಡಿದರು. ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ, ಮನೆಯಲ್ಲೇ ಇರಲಿ ಎಂದು ಕಳಿಸಿದರು. ದೊಡ್ಡಮಾಮಿ ನನಗೆ ಫೋನು ಮಾಡಿ, "ಭಾಳ ದಿನ ಇಲ್ಲಂತಪ್ಪಾ. ನಿಮ್ಮ ಮಾಮಾಗ ಹೇಳು. ಹೋದ ಮ್ಯಾಲ ಬಂದ್ರ ಏನ್ ಬಂತು?" ಎಂದರು.

ಹೇಳಿದೆ. "ಅವರು ಕರೀಲಿ, ಬರ್ತೀನಿ," ಎಂದರು ಮಾಮಾ. ಆ ಕಡೆ ಹೇಳಿದೆ. "ಅಂವಾ ಬರಲಿ, ಕರೀತೀನಿ," ಎಂದರು ದೊಡ್ಡಮಾಮಾ. ಬಂದರೆ ಕರೆಯುವವರು ಒಬ್ಬರು, ಕರೆದರೆ ಬರುವವರು ಒಬ್ಬರು. ದೇಶದೇಶಗಳ ಮಾತುಕತೆ ಯಾಕೆ ಅಷ್ಟು ವರ್ಷ ಎಳೆಯುತ್ತದೆ ಎಂದು ನನಗೆ ಆ ವಾರ ಅರ್ಥವಾಯಿತು. ದೇಶಗಳಿಗಾದರೆ ಸಾವಿಲ್ಲ, ಎಳೆಯಬಹುದು.

ಶನಿವಾರ ಬೆಳಿಗ್ಗೆ ಸ್ಮೋಕ್ ಅಲಾರಮ್ಮು ಕೂಗಿ ಎದ್ದೆ. ಮೇಲೆ ಓಡಿದರೆ ಅಡುಗೆಮನೆಯೆಲ್ಲ ಹೊಗೆ. ಮಾಮಾ ಮೈತುಂಬ ಜೋಳದ ಹಿಟ್ಟು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಯಾವ ರೊಟ್ಟಿಯೂ ದುಂಡಗಿರಲಿಲ್ಲ, ಒಂದೊಂದಕ್ಕೂ ಅಡ್ಡಾದಿಡ್ಡಿ ಬಿರುಕು.

"ಆಫ್ರಿಕಾದ ನಕಾಶಿ ಆಗ್ಯಾವಲ್ರೀ ಮಾಮಾ."

"ಬಾಯಿ ಮುಚ್ಚಿ ಕಿಟಕಿ ತಗಿ."

ಕಟಕಟ ಎನ್ನುವವರೆಗೆ ಸುಟ್ಟು, ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿದರು. ಹುರಿ ಬಿಗಿಯಲಿಲ್ಲ, ಮೇಣ ಸುರಿಸಲಿಲ್ಲ. ಕಾರು ನಾನೇ ಓಡಿಸಿದೆ. ಹೈವೇಯಲ್ಲಿ ಹಿಮ ಬಿದ್ದು ವಾಹನಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ನಾನು ಚಡಪಡಿಸುತ್ತಿದ್ದೆ, ಮಾಮಾ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಮುಂದಿನ ಲಾರಿಯ ಹಿಂಬದಿ ನೋಡುತ್ತ ಕೂತಿದ್ದರು. ಆ ಸಾಲು ಮುಗಿಯದಿದ್ದರೇ ಒಳ್ಳೆಯದು ಎನ್ನುವ ಹಾಗಿತ್ತು ಅವರ ಮುಖ.

ಅಪಾರ್ಟ್‌ಮೆಂಟಿನ ಕೆಳಗೆ ಗಾಜಿನ ಬಾಗಿಲು. ಗೋಡೆಯ ಮೇಲಿನ ಗುಂಡಿ ಒತ್ತಿದರೆ ಮೇಲೆ ಮನೆಯ ಫೋನು ಹೊಡೆದುಕೊಳ್ಳುತ್ತದೆ, ಅವರು ಅಲ್ಲಿಂದಲೇ ಬಾಗಿಲು ಬಿಡಬೇಕು. ಮಾಮಾ ನನ್ನನ್ನು ಸರಿಸಿ ತಾವೇ ಒತ್ತಿದರು.

"ಯಾರು?" ಹಾಸಿಗೆಯ ಪಕ್ಕದ ಫೋನನ್ನು ದೊಡ್ಡಮಾಮಾ ತಾವೇ ಎತ್ತಿದ್ದರು. ದನಿ ಸವೆದುಹೋಗಿತ್ತು.

ಮಾಮಾಗೆ ಹೆಸರು ಹೇಳಲು ಆಗಲಿಲ್ಲ. ಕೆಮ್ಮಿದರು. ಆ ಕಡೆ ಕೆಮ್ಮಿನ ಗುರುತು ಸಿಕ್ಕಿರಬೇಕು.

"ಏನ್ ತಂದೀ?"

"ರೊಟ್ಟಿ."

"ಹಿಟ್ಟು ಎಲ್ಲೀದು?"

"ಅಂಗಡೀದು."

"ಬಡದಾವ್ರು?"

"ನಾನಽ."

ಬಾಗಿಲು ಝುಂಯ್ ಎಂದಿತು. ಮಾಮಾ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು, ನೂಕಿದ್ದು ನಾನು.

ಮೇಲೆ ಹೋದಾಗ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ದೊಡ್ಡಮಾಮಾ ಕಪಾಟಿನ ಕಡೆ ಕೈ ಮಾಡಿದರು, ದೊಡ್ಡಮಾಮಿ ಆ ಪೊಟ್ಟಣ ತಂದು ಹಾಸಿಗೆಯ ಮೇಲಿಟ್ಟರು. ಹುರಿಯ ಒಂದು ತುದಿ ಅಣ್ಣ ಹಿಡಿದರು, ಇನ್ನೊಂದು ತುದಿ ತಮ್ಮ ಎಳೆದರು. ಮೇಣ ಒಡೆಯಿತು. ಹಿಂಡಿ ಕಮಟು ವಾಸನೆ ಹೊಡೆಯುತ್ತಿತ್ತು.

"ದಾರ್ಯಾಗ ಭಾಳ ನಿಂತಿತ್ತು," ಎಂದರು ದೊಡ್ಡಮಾಮಾ.

"ಹೌದಣ್ಣಾ. ಭಾಳ ನಿಂತಿತ್ತು."

"ರೊಟ್ಟಿಗೇನಾಗಿಲ್ಲ ಬಿಡು."

ಅವರಿಗೆ ಅಗಿಯಲು ಆಗುತ್ತಿರಲಿಲ್ಲ. ದೊಡ್ಡಮಾಮಿ ಹಾಲಿನ ಬಟ್ಟಲು ತಂದರು. ಮಾಮಾ ರೊಟ್ಟಿ ಮುರಿದು ಅದರಲ್ಲಿ ಹಾಕಿದರು. ಮೆತ್ತಗಾಗಲು ಹೊತ್ತು ಬೇಕಿತ್ತು. ಮಾಮಾ ಬಟ್ಟಲು ಹಿಡಿದುಕೊಂಡೇ ಕೂತರು.