ಭಟ್ರ ಹೋಟೆಲಿಗೊಂದು ವೆಬ್‌ಸೈಟು

ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ಶಾಲೆಗೆಂದು ಹೊರಟವನು ಉಡುಪಿಯಲ್ಲಿ ಬೊಂಬಾಯಿ ಬಸ್ಸು ಹತ್ತಿದೆ. ಆಮೇಲೆ ಒಂದೂರಲ್ಲಿ ನಿಂತವನಲ್ಲ. ಠಾಣೆಯಲ್ಲಿ ಟೇಬಲ್ ಒರೆಸಿದೆ, ಡೊಂಬಿವಲಿಯ ಸೈಬರ್ ಕೆಫೆಯಲ್ಲಿ ವೆಬ್‌ಸೈಟ್ ಕಟ್ಟಲು ಕಲಿತೆ. ಎಲ್ಲಿ ಹೋದರೂ ಬಾಯಿ ಬಿಟ್ಟು ನೋಡುವಂಥದ್ದೊಂದು ನನ್ನೆದುರಿಗೇ ನಡೆಯುತ್ತದೆ. ಕಲ್ಯಾಣದ ಭಟ್ರ ಹೋಟೆಲಿನಲ್ಲಂತೂ ಸಾಲಾಗಿ ನಡೆಯಿತು.

ಭಟ್ರು ಹೋಟೆಲನ್ನು ವಾಶಿಗೆ ಒಯ್ಯುವವರಿದ್ದರು. ಹಳೇ ಗಿರಾಕಿಗಳು ತಪ್ಪಿಹೋಗಬಾರದೆಂದು ನನ್ನಿಂದ ವೆಬ್‌ಸೈಟು ಮಾಡಿಸುತ್ತಿದ್ದರು. ಅದರಲ್ಲೂ ಒಬ್ಬರದೇ ಚಿಂತೆ: ದಿನಾ ಸಂಜೆ ಕಾಫಿಗೆ ಬರುವ ಸಂಗೀತದ ಮಾಷ್ಟ್ರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು.

"ಅವರು ಬಾರದಿದ್ದರೆ ಕಾಫಿ ಕೆಟ್ಟಿದೆ ಅಂತ ಮುಖಕ್ಕೆ ಹೇಳುವವರು ಯಾರು ಮಾರಾಯ?" ಎನ್ನುತ್ತಿದ್ದರು ಭಟ್ರು.

ಒಂದೇ ಸಾಲು

ಪುಟಗಳಲ್ಲಿ ಬರೀ ಮಾತು, ಅಲಂಕಾರವೆಲ್ಲ ಸಿಎಸ್‌ಎಸ್ ಎಂಬ ಬೇರೆ ಫೈಲಿನಲ್ಲಿ. ಹೊಸಬರಿಗೆ ನಾನು ಹೇಳುವ ಮೊದಲ ಬುದ್ಧಿಮಾತೂ ಇದೇ, ಎರಡನ್ನೂ ಕಲಸಬೇಡಿ.

"ಈ ಕೆಂಪು ಬೇಡ, ಅರಸಿನ ಬಣ್ಣ ಮಾಡು" ಎಂದರು ಭಟ್ರು. ಆ ಫೈಲಿನಲ್ಲಿ ಒಂದು ಸಾಲು ತಿದ್ದಿದೆ. ಅಷ್ಟೂ ಪುಟಗಳು ಒಟ್ಟಿಗೇ ಹಳದಿಯಾದವು. ಎಷ್ಟು ಸಲ ನೋಡಿದರೂ ಆಗ ನನಗೆ ಮೈ ಜುಮ್ಮೆನ್ನುತ್ತದೆ.

ಭಟ್ರು ಒಂದೊಂದೇ ಪುಟ ತೆರೆಸಿ ನೋಡಿದರು. "ವಾಶಿಯಲ್ಲಿ ಪೇಂಟರ್ ವಾರದಿಂದ ಒಂದೇ ಗೋಡೆ ಬಳಿಯುತ್ತಿದ್ದಾನೆ. ಅವನಿಗೂ ಇದನ್ನು ಕಲಿಸು ಮಾರಾಯ."

ಫೋರ್ತ್ ಸೀಟು

ಭಟ್ರ ಮೊಬೈಲಿನಲ್ಲಿ ತೆರೆದರೆ ಅರ್ಧ ಪುಟ ಪರದೆಯಿಂದ ಹೊರಗೆ. ಅಗಲಗಳನ್ನು ನಾನು ಮೊಳೆ ಹೊಡೆದ ಹಾಗೆ ಇಟ್ಟಿದ್ದೆ. ಅಳತೆಗಳನ್ನು ಪರದೆಯ ಅಗಲದಲ್ಲಿ ಶೇಕಡಾ ಇಷ್ಟು ಎಂದು ಬದಲಿಸಿ, ಪರದೆ ಸಣ್ಣದಾದರೆ ಏನು ಮಾಡಬೇಕೆಂದೂ ಬರೆದೆ. ಚಿತ್ರ ಕುಗ್ಗಿತು, ಪಕ್ಕದ ಪಟ್ಟಿ ಕೆಳಗಿಳಿಯಿತು, ಎಲ್ಲಕ್ಕೂ ಜಾಗವಾಯಿತು.

ಭಟ್ರು ಕನ್ನಡಕ ಏರಿಸಿದರು. "ಅರೇ! ಲೋಕಲ್ ಟ್ರೈನಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನು ಬಂದ ಹಾಗೆ ಎಲ್ಲರೂ ಸರಿದು ಕೂತರಲ್ಲ! ಬೈಗುಳ ಒಂದೂ ಕೇಳಲಿಲ್ಲ ನೋಡು."

ಮಾಷ್ಟ್ರ ಕಿವಿ

ಮಾಷ್ಟ್ರ ಮನೆಯ ಕಂಪ್ಯೂಟರು ಪುಟವನ್ನು ಓದಿ ಹೇಳುತ್ತದೆ. ಭಟ್ರೂ ನಾನೂ ಅಲ್ಲಿಗೆ ಹೋದಾಗ ಮಾಷ್ಟ್ರು ನಮ್ಮ ಸೈಟು ತೆರೆದರು. ಅದು "ಇಮೇಜ್" ಎಂದಿತು. ಮತ್ತೆ "ಇಮೇಜ್". ಮೆನುವನ್ನೂ ದಾರಿಯನ್ನೂ ನಾನು ಚಂದದ ಚಿತ್ರ ಮಾಡಿ ಹಾಕಿದ್ದೆ! ಚಿತ್ರದೊಳಗಿನ ಅಕ್ಷರ ಅದಕ್ಕೆ ಓದಲು ಬರದು.

"ಇಮೇಜ್ ತಿನ್ನಲಿಕ್ಕೆ ವಾಶಿಯವರೆಗೆ ಯಾಕೆ ಭಟ್ರೆ?" ಎಂದರು ಮಾಷ್ಟ್ರು. ಭಟ್ರ ಮುಖ ಇಳಿದುಹೋಯಿತು.

ಅಲ್ಲೇ ಕೂತು ವೆಬ್‌ನ ಸ್ಟ್ಯಾಂಡರ್ಡು, ಅಂದರೆ ಎಲ್ಲರೂ ಒಪ್ಪಿದ ನಿಯಮ, ಹೇಳುವ ಹಾಗೆ ಮತ್ತೆ ಬರೆದೆ. ಶೀರ್ಷಿಕೆಯನ್ನು ಶೀರ್ಷಿಕೆಯೆಂದೇ, ಪಟ್ಟಿಯನ್ನು ಪಟ್ಟಿಯೆಂದೇ ಗುರುತಿಸಿದೆ. ಪ್ರತಿ ಫೋಟೋದಲ್ಲಿ ಏನಿದೆಯೆಂದು ಮಾತಿನಲ್ಲಿ ಬರೆದಿಟ್ಟೆ. ಮಾಷ್ಟ್ರು ಒಂದು ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತ ಹೋದರು. ಬನ್ಸ್, ನೀರುದೋಸೆ, ವಾಶಿ ಸ್ಟೇಷನ್ನಿಂದ ದಾರಿ... ಪರದೆ ನೋಡದೆ ಇಡೀ ಹೋಟೆಲು ಸುತ್ತಿ ಬಂದರು.

ಕೊನೆಯ ಫೋಟೋ ಗಲ್ಲಾದಲ್ಲಿ ಕೂತ ಭಟ್ರದು. ಯಂತ್ರ ಇಂಗ್ಲಿಷಿನಲ್ಲಿ ಗಂಭೀರವಾಗಿ ಓದಿತು: ನಗುತ್ತಿರುವ ಮಾಲೀಕರು, ಬೋಳುತಲೆ.

ಮಾಷ್ಟ್ರ ಬೆರಳು ನಿಂತಿತು. "ಹೌದಾ ಭಟ್ರೆ? ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಲಿಲ್ಲವಲ್ಲ! ಹೊಸ ಹೋಟೆಲಿಗೆ ಬಂದೇ ಬರುತ್ತೇನೆ. ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ!"

ಮರುದಿನ ನಾನು ಬಟ್ಟೆ ಚೀಲಕ್ಕೆ ತುರುಕುತ್ತಿದ್ದೆ. ಕಾಮೋಠೆಯಲ್ಲಿ ಯಾರಿಗೋ ವೆಬ್‌ಸೈಟು ಬೇಕಂತೆ. ಭಟ್ರು ಬಾಗಿಲಲ್ಲಿ ತಲೆ ಸವರಿಕೊಳ್ಳುತ್ತ ನಿಂತರು. "ಹೋಗುವ ಮೊದಲು ಆ ಫೋಟೋದ ಮಾತಿಗೆ ನಾಲ್ಕು ಕೂದಲು ಸೇರಿಸು ಮಾರಾಯ."

"ಇದ್ದದ್ದನ್ನೇ ಹೇಳಬೇಕು ಭಟ್ರೆ, ಸ್ಟ್ಯಾಂಡರ್ಡು ಅಂದರೆ ಸ್ಟ್ಯಾಂಡರ್ಡು" ಎಂದು ಚೀಲದ ಜಿಪ್ ಎಳೆದೆ.